ಇಂದಿನ ಧಮ್ಮ ಚಿಂತನೆ: ನಾಲ್ಕನೆಯ ಸುಖ



ನಿನ್ನೆ ಶಾಲೆಯಿಂದ ಬರುವಾಗ ಗುಜರಿ ಅಂಗಡಿಯ ಮುಂದೆ ಒಂದು ಹಳೆಯ ಮಾರುತಿ 800 ಕಂಡೆ. ಚಕ್ರವಿಲ್ಲ, ಬಾಗಿಲಿಲ್ಲ. ಬೈಕ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಅಂಥದೇ ಒಂದು ಕಾರು ಪ್ರಾಯದಲ್ಲಿ ನನ್ನ ಬಳಿಯೂ ಇತ್ತು.

ಕೆಲಸಕ್ಕೆ ಸೇರಿದ ಎರಡನೇ ವರ್ಷ, 2006ರಲ್ಲಿ ಸಾಲ ಮಾಡಿ ಕೊಂಡದ್ದು. 1993ರ ಮಾಡೆಲ್, ನಾನು ಮೂರನೇ ಮಾಲೀಕ. ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್, ನಾಲ್ಕೇ ಗೇರು, 12 ಇಂಚಿನ ಪುಟ್ಟ ಚಕ್ರ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದರೂ ಕೆಲವು ದಿನ ಕೇರಿಯ ಹುಡುಗರೆಲ್ಲ ಸೇರಿ ತಳ್ಳಬೇಕು. ಎಡಗಡೆಯ ಬಾಗಿಲನ್ನು ಒಳಗಿನಿಂದಲೇ ತೆಗೆಯಬೇಕು. ವಯಸ್ಸಾದ ಗಾಡಿ, ಅದನ್ನು ಬೈದು ಫಲವಿಲ್ಲ. ಆದರೆ ನಮ್ಮ ಕೇರಿಗೆ ಬಂದ ಮೊದಲ ಕಾರು ಅದು. ಊರೊಳಗಿನ ಬೀದಿಯಲ್ಲಿ ಒಂದು ಕಾಲಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದ ನನ್ನ ಅಪ್ಪ, ಅದೇ ಬೀದಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೋದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಅಂಗುತ್ತರ ನಿಕಾಯದ ಅನಣ ಸುತ್ತದಲ್ಲಿ ಭಗವಾನ್ ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ.

1. ಅತ್ಥಿ ಸುಖ: ಬೆವರು ಸುರಿಸಿ, ನ್ಯಾಯವಾಗಿ ಗಳಿಸಿದ್ದು ನನ್ನಲ್ಲಿದೆ ಎಂಬ ಸುಖ.
2. ಭೋಗ ಸುಖ: ಅದನ್ನು ಅನುಭವಿಸುವ, ಒಳ್ಳೆಯ ಕೆಲಸಕ್ಕೂ ಬಳಸುವ ಸುಖ.
3. ಅನಣ ಸುಖ: ಯಾರಿಗೂ ಸಾಲ ತೀರಿಸಬೇಕಾಗಿಲ್ಲ ಎಂಬ ಸುಖ.
4. ಅನವಜ್ಜ ಸುಖ: ಕಾಯ, ಮಾತು, ಮನಸ್ಸುಗಳಲ್ಲಿ ದೋಷವಿಲ್ಲ ಎಂಬ ಸುಖ.

ಗೃಹಸ್ಥ ಬಡವನಾಗಿಯೇ ಇರಲಿ ಎಂದು ಬುದ್ಧರು ಹೇಳಲಿಲ್ಲ. ಧರ್ಮವಾದದ್ದು ಬಡತನವನ್ನು ಪವಿತ್ರವೆಂದು ಕೊಂಡಾಡಬಾರದು ಎಂದು ಬಾಬಾಸಾಹೇಬರೂ 1950ರಲ್ಲಿ ಬರೆದರು. ಹಾಗಾಗಿ ಆ ಕಾರಿನ ಸಂತೋಷಕ್ಕೆ ನನಗೆ ನಾಚಿಕೆಯಿಲ್ಲ. ಮೊದಲ ಎರಡು ಸುಖ ಕೊಂಡ ದಿನವೇ ಸಿಕ್ಕವು. ಮೂರು ವರ್ಷದಲ್ಲಿ ಸಾಲ ತೀರಿತು, ಮೂರನೆಯದೂ ಸಿಕ್ಕಿತು. ಕೈತಪ್ಪಿದ್ದು ನಾಲ್ಕನೆಯದು.

ಒಂದು ಮಳೆಗಾಲದ ಸಂಜೆ, ಭತ್ತದ ನಾಟಿ ಮುಗಿಸಿ ಬರುತ್ತಿದ್ದ ನಮ್ಮ ಕೇರಿಯ ದೊಡ್ಡವ್ವ ಕೈ ಅಡ್ಡ ಹಿಡಿದರು. ಮೊಣಕಾಲುದ್ದ ಕೆಸರು. ಹಿಂದಿನ ವಾರವಷ್ಟೇ ಹೊಸ ಸೀಟ್ ಕವರ್ ಹಾಕಿಸಿದ್ದೆ. "ಸೀಟು ಕೊಳೆಯಾಗ್ತದೆ ದೊಡ್ಡವ್ವ, ಬಸ್ಸಿಗೆ ಬಾ" ಅಂತ ಹತ್ತು ರೂಪಾಯಿ ಚಾಚಿದೆ. "ಆಯ್ತು ಕಣಪ್ಪ, ಹುಷಾರಾಗಿ ಹೋಗು" ಅಂದರು. ದುಡ್ಡು ಮುಟ್ಟಲಿಲ್ಲ.

ಮುಂದಿನ ಏಪ್ರಿಲ್ 14ರ ಭಾಷಣಕ್ಕೆಂದು 'ವೇಟಿಂಗ್ ಫಾರ್ ಎ ವೀಸಾ' ತೆರೆದೆ. 1901ರಲ್ಲಿ ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಬಾಲಕ ಭೀಮ ಮತ್ತು ಜೊತೆಯ ಮಕ್ಕಳು ತಂದೆಯ ಬಳಿಗೆ ಹೋಗಲು ಎತ್ತಿನಗಾಡಿ ಕೇಳುತ್ತಾರೆ. ಜಾತಿ ತಿಳಿದ ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ. ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತಿನ ಮೇಲೆ.

ಮುಂದೆ ಓದಲಾಗಲಿಲ್ಲ. ಅವನು ಮೈಲಿಗೆ ಎಂದ, ನಾನು ಕೊಳೆ ಎಂದೆ. ಜಾತಿಯೂ ಕೆಸರೂ ಒಂದೇ ಅಲ್ಲ, ಬಲ್ಲೆ. ಆದರೆ ರಸ್ತೆಯಲ್ಲಿ ನಿಂತವರಿಗೆ ಆಗುವ ನೋವು? ಅವನು ಹಣ ತೆಗೆದುಕೊಂಡೂ ಮೊದಲಿಗೆ ಜೊತೆಗೆ ಕೂರಲು ಒಪ್ಪಲಿಲ್ಲ. ನಾನು ಹಣ ಕೊಟ್ಟು ಜೊತೆಗೆ ಕೂರಿಸಲಿಲ್ಲ.

ಮಾರನೇ ದಿನ ದೊಡ್ಡವ್ವನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವರು ನಕ್ಕು, "ಕೆಸರಿದ್ದದ್ದು ದಿಟ ತಾನೇ" ಅಂದುಬಿಟ್ಟರು. ಆ ಭಾನುವಾರ ಅವರನ್ನು ಮಗಳ ಊರಿಗೆ ಕರೆದುಕೊಂಡು ಹೋದೆ. ಕಾಲು ತೊಳೆದು, ಒಗೆದ ಸೀರೆ ಉಟ್ಟು ಬಂದಿದ್ದರು. ಆದರೂ ಕೂರುವ ಮುಂಚೆ, ಕಂಕುಳಲ್ಲಿದ್ದ ಖಾಲಿ ಗೊಬ್ಬರದ ಚೀಲವನ್ನು ಸೀಟಿನ ಮೇಲೆ ಹಾಸಿಕೊಂಡರು. ಬೇಡ ಎಂದರೂ ತೆಗೆಯಲಿಲ್ಲ.

ಬಂಧುಗಳೇ, ಆ ಕಾರು 2012ರಲ್ಲಿ ಗುಜರಿಗೆ ಹೋಯಿತು. ನಾನು ಕೆಸರಿನಿಂದ ಕಾಪಾಡಿದ ಸೀಟೂ ಅದರ ಜೊತೆಗೇ ಹೋಯಿತು. ಆ ಗೊಬ್ಬರದ ಚೀಲ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ. ಮೊದಲ ಮೂರೂ ಸುಖಗಳು ನಾಲ್ಕನೆಯ ಸುಖದ ಹದಿನಾರನೇ ಒಂದು ಪಾಲಿಗೂ ಸಮವಲ್ಲ ಎಂದು ಬುದ್ಧರು ಅದೇ ಸುತ್ತದ ಕೊನೆಯಲ್ಲಿ ಹೇಳುತ್ತಾರೆ. ಆ ಲೆಕ್ಕ ನನಗೆ ಅರ್ಥವಾದದ್ದು ಹೀಗೆ.

ಇಂದು ನಮ್ಮಲ್ಲಿ ಅನೇಕರಿಗೆ ಕಾರಿದೆ, ಮನೆಯಿದೆ, ಕುರ್ಚಿಯಿದೆ. ಬಾಬಾಸಾಹೇಬರ ಹೋರಾಟದಿಂದ ಬಂದವು ಅವು. ಅವುಗಳಲ್ಲಿ ಯಾರಿಗೆ ಜಾಗ ಕೊಡುತ್ತಿದ್ದೇವೆ, ಯಾರನ್ನು ಬಸ್ಸಿಗೆ ಬಾ ಎನ್ನುತ್ತಿದ್ದೇವೆ? ಇಂದು ಮಲಗುವ ಮುನ್ನ ಐದು ನಿಮಿಷ ಕೂತು ಇದನ್ನೇ ಕೇಳಿಕೊಳ್ಳೋಣ. ಯಾರಾದರೂ ನೆನಪಾದರೆ ನಾಳೆಯೇ ಅವರ ಮನೆಗೆ ಹೋಗಿಬರೋಣ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.