ಕೂದಲಿಗಿಂತ ಕಿರಿದಾದ ಓಣಿ

ರಕ್ತ ಮೈಯೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ಬರೆದಾಗ ಅವನ ವಾದದ ಒಂದು ಕೊಂಡಿ ಕಾಣೆಯಾಗಿತ್ತು. ಅಪಧಮನಿಯಲ್ಲಿ ಹೋಗಿದ್ದು ಅಭಿಧಮನಿಯಲ್ಲಿ ವಾಪಸು ಬರುತ್ತದೆ, ಸರಿ. ದಾಟುವುದು ಎಲ್ಲಿ? ಹಾರ್ವೆ ಅದನ್ನು ನೋಡದೆಯೇ 1657ರಲ್ಲಿ ತೀರಿಕೊಂಡ. 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ದಾರಿ ಕಂಡುಹಿಡಿದ. ಅದೇ ಲೋಮನಾಳ.

ರಕ್ತನಾಳಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಭೂಮಿಯನ್ನು ಎಷ್ಟು ಸಲ ಸುತ್ತಬಹುದು ಎಂಬ ಲೆಕ್ಕ ನನಗೆ ಅಷ್ಟೇನೂ ಬೆರಗು ಹುಟ್ಟಿಸುವುದಿಲ್ಲ. ಬೆರಗಿರುವುದು ಗೋಡೆಯಲ್ಲಿ. ಹೃದಯದಿಂದ ಹೊರಡುವ ಮಹಾಧಮನಿಗೆ ಮೂರು ಪದರಗಳ ದಪ್ಪ ಗೋಡೆ. ಅದರ ಹೊರಭಾಗಕ್ಕೆ ಒಳಗೆ ಹರಿಯುವ ರಕ್ತ ಎಟಕುವುದಿಲ್ಲ, ಹಾಗಾಗಿ ಆ ಗೋಡೆಗೇ ಬೇರೆ ಪುಟ್ಟ ರಕ್ತನಾಳಗಳು! ಮುಂದೆ ಸಾಗಿದಂತೆ ಸ್ನಾಯು ತೆಳುವಾಗುತ್ತದೆ, ಹೊರಪದರ ಕರಗುತ್ತದೆ. ಲೋಮನಾಳಕ್ಕೆ ಬರುವಷ್ಟರಲ್ಲಿ ಉಳಿಯುವುದು ಒಂದೇ ಸಾಲು ಜೀವಕೋಶ, ಅದರಡಿಗೊಂದು ತೆಳುಪೊರೆ. ಒಳಗಿನ ಅಗಲ 5ರಿಂದ 10 ಮೈಕ್ರೋಮೀಟರ್. ಕೆಂಪು ರಕ್ತಕಣದ ಅಗಲವೇ ಏಳೆಂಟು. ಎಷ್ಟೋ ಕಡೆ ಅದು ಮೈ ಮಡಚಿಕೊಂಡು, ಒಂದರ ಹಿಂದೊಂದರಂತೆ ನುಸುಳಬೇಕು. ಆಮ್ಲಜನಕ ಕೈಬದಲಾಗುವುದು ಅಲ್ಲೇ. ಅಷ್ಟೆಲ್ಲ ಬಲವಾದ ಗೋಡೆ ಇರುವುದು ಈ ಬಲವಿಲ್ಲದ ಜಾಗಕ್ಕೆ ರಕ್ತ ಮುಟ್ಟಿಸಲಿಕ್ಕೆ.

ಈ ಒಂದೇ ಸಾಲೂ ಎಲ್ಲೆಡೆ ಒಂದೇ ಥರ ಇಲ್ಲ. ಮಿದುಳಿನಲ್ಲಿ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿವೆ; ಎಷ್ಟೋ ಔಷಧಗಳು ಅಲ್ಲಿಗೆ ಹೋಗಲಾರವು. ಮೂತ್ರಪಿಂಡದಲ್ಲಿ ನೀರು, ಲವಣ ಸೋಸಿಹೋಗಲು ಅದೇ ಜೀವಕೋಶಗಳ ಮೈತುಂಬ ಸಣ್ಣ ರಂಧ್ರಗಳು. ಯಕೃತ್ತಿನಲ್ಲಂತೂ ದೊಡ್ಡ ಪ್ರೋಟೀನುಗಳೂ ಆರಾಮವಾಗಿ ದಾಟುತ್ತವೆ. ಮಿದುಳಿನ ಕಾವಲನ್ನು ಯಕೃತ್ತಿಗೆ ಹಾಕಿದ್ದರೆ ಅದು ಕೆಲಸ ಮಾಡುತ್ತಲೇ ಇರಲಿಲ್ಲ.

ವಾಪಸಾಗುವ ಅಭಿಧಮನಿಗಳದು ಸಡಿಲ ಸಂಸಾರ: ತೆಳು ಗೋಡೆ, ಅಗಲ ಒಡಲು, ಕೈಕಾಲುಗಳಲ್ಲಿ ರಕ್ತ ಹಿಂದಕ್ಕೆ ಜಾರದಂತೆ ಕವಾಟಗಳು.

ಮತ್ತೆ ಮಹಾಧಮನಿಯ ಮಾತು. ಅದರ ನಡುಪದರದಲ್ಲಿ ಎಲಾಸ್ಟಿನ್ ಎಂಬ ನಾರುಗಳ ಹಾಳೆಗಳಿವೆ. ಹೃದಯ ಬಡಿದಾಗ ಹಿಗ್ಗುತ್ತವೆ, ಬಡಿತಗಳ ನಡುವೆ ಕುಗ್ಗಿ ರಕ್ತವನ್ನು ಮುಂದೂಡುತ್ತವೆ. ಈ ನಾರು ಬಹುಪಾಲು ತಯಾರಾಗುವುದು ಹುಟ್ಟುವ ಮುನ್ನ ಮತ್ತು ಎಳವೆಯಲ್ಲಿ. ಆಮೇಲೆ ಹೊಸದು ಸೇರುವುದು ಅತ್ಯಲ್ಪ. ರಕ್ತದೊತ್ತಡ ಏರಿದ್ದರೆ ಸವೆಯುವುದು ಆ ಹಳೆಯ ನಾರೇ. ಬಿಪಿ ನೋಡಿಸಿ ಬಹಳ ದಿನವಾಗಿದ್ದರೆ ಒಮ್ಮೆ ನೋಡಿಸಿಕೊಳ್ಳಿ.