ಅವ್ವನ ಸೀರೆ ಜಾಹೀರಾತು
ದೀಪಾವಳಿಗೆ ವಾಡಿಗೆ ಹೋದಾಗ ಮನೆಯ ರೂಟರ್ ಪಕ್ಕ ಅಂಗೈಯಗಲದ ರಾಸ್ಪ್‌ಬೆರಿ ಪೈ ಇಟ್ಟು, ಅದರಲ್ಲಿ ಪೈ-ಹೋಲ್ ಹಾಕಿದೆ. ಮನೆಯ ಯಾವ ಫೋನ್ ಜಾಹೀರಾತು ಸರ್ವರ್‌ನ ವಿಳಾಸ ಕೇಳಿದರೂ 0.0.0.0 ಅಂತ ಹೇಳಿ ಸಾಗಹಾಕುತ್ತೆ. (ಯೂಟ್ಯೂಬ್ ಮಾತ್ರ ಇದಕ್ಕೆ ಜಗ್ಗಲ್ಲ.) ಸಿಮೆಂಟ್ ಧೂಳು ತಡೆಯೋಕಾಗದ ಊರಲ್ಲಿ ಇದನ್ನಾದರೂ ತಡೆದೆ ಅಂತ ಬೀಗಿದೆ.

ಮೂರನೇ ದಿನ ಅವ್ವ, “ಗೂಗಲ್‌ನ್ಯಾಗ ಸೀರಿ ಒತ್ತಿದ್ರ ತೆರೀವಲ್ದಲ್ಲೋ” ಅಂದಳು. ಅವರು ನಿನ್ನ ಕೇಳದೇ ಬೆನ್ನು ಹತ್ತಿರ್ತಾರೆ, ಅದಕ್ಕೇ ಬಂದ್ ಮಾಡೀನಿ ಅಂದೆ.

“ತಗೊಳ್ಳಾಕಲ್ಲೋ, ಸುಮ್ನ ನೋಡ್ತಿದ್ದೆ. ನೀನರ ಕೇಳಿದ್ಯೇನು?”

ಕೇಳಿರಲಿಲ್ಲ. ಅಷ್ಟೇ ಅಲ್ಲ, ಅವಳ ಫೋನ್ ರಾತ್ರಿ ಎಷ್ಟೊತ್ತಿಗೆ ಯಾವ ಸೈಟು ಹುಡುಕಿತು ಅನ್ನೋದೆಲ್ಲ ಪೈ-ಹೋಲ್‌ನ ಲಾಗ್‌ನಲ್ಲಿ ನನಗೆ ಕಾಣುತ್ತಿತ್ತು. ಕಂಪನಿಗಳ ಮೇಲೆ ನನ್ನ ತಕರಾರು ಇದೇ ತಾನೆ?

ಲಾಗ್ ನಿಲ್ಲಿಸಿದೆ. ಅವ್ವನ ಫೋನನ್ನು ತಡೆಯಿಂದ ಹೊರಗಿಟ್ಟೆ. ಅಪ್ಪನನ್ನು ಇನ್ನೂ ಕೇಳಿಲ್ಲ.