ಮರುವಂದನೆ

ಜಪಾನಿನವರು ನಡು ಬಗ್ಗಿಸಿ ವಂದಿಸುವುದನ್ನು ಕಂಡವರು ಎರಡು ಬಗೆಯ ಮಾತಾಡುತ್ತಾರೆ. ಕೆಲವರಿಗೆ ಅದು ಅಪಾರ ವಿನಯ, ಕೆಲವರಿಗೆ ಗುಲಾಮಗಿರಿ. ಇಬ್ಬರ ಕಣ್ಣೂ ಬಗ್ಗಿದವನ ಮೇಲೆಯೇ. ಎದುರಿಗಿದ್ದವನು ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಬಹುತೇಕ ಅವನೂ ಬಗ್ಗುತ್ತಾನೆ. ಸಾಮಾನ್ಯ ಭೇಟಿಗೆ 15 ಡಿಗ್ರಿ, ಗೌರವಕ್ಕೆ 30, ಕ್ಷಮೆ ಬೇಡುವಾಗ 45 ಎಂದು ಕಲಿಸುತ್ತಾರೆ. ಹಿರಿಯನು ಕಡಿಮೆ ಬಗ್ಗಬಹುದು, ಆದರೆ ವಂದನೆಗೆ ಉತ್ತರ ಕೊಡದಿರುವುದು ಸಾಮಾನ್ಯವಾಗಿ ಒರಟುತನವೆನಿಸುತ್ತದೆ.

ಠಾಣೆಯ ಮಾಜಿವಾಡಾದ ನಮ್ಮ ಸೊಸೈಟಿಯ ಗೇಟಿನಲ್ಲಿ ಕಾವಲುಗಾರ ಪ್ರತಿ ಕಾರಿಗೂ ಎದ್ದು ನಿಂತು ಹಣೆಗೆ ಕೈ ಹಚ್ಚುತ್ತಾನೆ. ಗಾಜು ಇಳಿಯುವುದಿಲ್ಲ, ಒಳಗಿನ ತಲೆ ಅಲುಗುವುದಿಲ್ಲ. ಕಾರು ಘೋಡ್‌ಬಂದರ್ ರಸ್ತೆ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಗುಲಾಮಗಿರಿ ಎನ್ನಬೇಕಾದದ್ದು ಇದಕ್ಕೆ.

ಇದೇ ಊರಿನಲ್ಲಿ ತುಳಸಿಮಾಲೆ ಧರಿಸಿದ ವಿಠಲಭಕ್ತ ವಾರಕರಿಗಳು ಭೇಟಿಯಾದರೆ 'ರಾಮಕೃಷ್ಣ ಹರಿ' ಎನ್ನುತ್ತ ಒಬ್ಬರ ಪಾದವನ್ನೊಬ್ಬರು ಮುಟ್ಟುತ್ತಾರೆ. ಮುದುಕ ಹುಡುಗನ ಕಾಲಿಗೆ ಬಗ್ಗುವಷ್ಟರಲ್ಲಿ ಹುಡುಗ ಮುದುಕನ ಕಾಲಿಗೆ ಬಗ್ಗಿರುತ್ತಾನೆ. ಪಂಢರಪುರದ ವಿಠಲ ಎದುರಿನವನಲ್ಲೂ ಇದ್ದಾನೆ ಎಂಬ ನಂಬಿಕೆ ಅದು.

ನಾನು ಬೀದರ ಜಿಲ್ಲೆಯವನು. ಬಸವಕಲ್ಯಾಣದ ಕಥೆ ಕೇಳಿಯೇ ಬೆಳೆದೆ. ಸಮಗಾರ ಹರಳಯ್ಯ 'ಶರಣು' ಎಂದರೆ ಬಿಜ್ಜಳನ ಭಂಡಾರಿ ಬಸವಣ್ಣ 'ಶರಣು ಶರಣಾರ್ಥಿ' ಎಂದು ಒಂದಕ್ಕೆರಡು ಮಾಡಿ ಒಪ್ಪಿಸಿದರು. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರಂತೆ. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು.

ಹಾಗಾದರೆ ಮರುವಂದನೆ ಸಿಗದ ವಂದನೆ ವ್ಯರ್ಥವೇ? ಮುಂಬಯಿಯ ವರ್ಳಿಯ ಜಪಾನಿ ಬೌದ್ಧ ಮಂದಿರದ ಭಿಕ್ಷುಗಳು ಆರಾಧಿಸುವ ಸದ್ಧರ್ಮಪುಂಡರೀಕ ಸೂತ್ರದಲ್ಲಿ ಸದಾಪರಿಭೂತನೆಂಬ ಬೋಧಿಸತ್ವ ಬರುತ್ತಾನೆ. ಕಂಡವರಿಗೆಲ್ಲ, ನೀವೂ ಬುದ್ಧರಾಗುವವರು ಎಂದು ಕೈಮುಗಿಯುತ್ತಾನೆ. ಜನ ಬೈದು ಕಲ್ಲೆಸೆದರೆ ದೂರ ಓಡಿ, ಅಲ್ಲಿಂದಲೇ ಅದೇ ಮಾತು ಹೇಳುತ್ತಾನೆ. ಅವನಿಗೆ ನಷ್ಟವಿಲ್ಲ. ಆದರೆ ಅವನು ಬಗ್ಗಿದ್ದು ತನ್ನ ಇಚ್ಛೆಯಿಂದ. ಸಂಬಳಕ್ಕಾಗಿ, ಭಯಕ್ಕಾಗಿ, ಜಾತಿಗಾಗಿ ಬಗ್ಗುವವನಿಗೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ವಂದನೆಯನ್ನು ಧರ್ಮವಾಗಿಸುವ ಹೊಣೆ ಅದನ್ನು ಪಡೆದವನದು.

ಹಿರಿಯರ ಕಾಲಿಗೆ ಎರಗಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಎರಗಿಸಿಕೊಂಡವರ ಕರ್ತವ್ಯವನ್ನು ಯಾರೂ ಹೇಳಿಕೊಡುವುದಿಲ್ಲ. ಅದನ್ನೂ ಕಲಿಸೋಣ. ಮೊದಲು ನಾವು ಕಲಿಯೋಣ.